ಮೊದಲು ಕೇಳು, ಆಮೇಲೆ ಗೆರೆ ಎಳೆ

ಗಲ್ಫ್‌ನಲ್ಲಿರುವ ನಮ್ಮವರಿಗೆ ಫಿಟ್‌ಔಟ್ ಕೆಲಸ ಅಂದರೆ ಬಿಡಿಸಿ ಹೇಳಬೇಕಾಗಿಲ್ಲ. ಖಾಲಿ ಕಾಂಕ್ರೀಟ್ ಮಹಡಿಗೆ ಸೀಲಿಂಗ್ ಕಟ್ಟಿ, ಪಾರ್ಟಿಷನ್ ನಿಲ್ಲಿಸಿ, ಕಾರ್ಪೆಟ್ ಹಾಸಿ ಆಫೀಸು ಮಾಡಿ ಕೊಡೋದು. ನಮ್ಮಲ್ಲಿ ಕೆಲವರು ಅಲ್ಲಿ ಬಡಗಿಗಳು, ಕೆಲವರು ಎಲೆಕ್ಟ್ರಿಷಿಯನ್‌ಗಳು, ಕೆಲವರು ಡ್ರಾಯಿಂಗ್ ಮಾಡುವವರು. ಇನ್ನು ಕೆಲವರು ಹಾಗೆ ತಯಾರಾದ ಆಫೀಸಿನಲ್ಲೇ ಲೆಕ್ಕ ಬರೆಯುವವರು, ರಿಸೆಪ್ಷನ್‌ನಲ್ಲಿ ಕೂರುವವರು, ಪ್ಯಾಂಟ್ರಿಯಲ್ಲಿ ಚಹಾ ಮಾಡುವವರು. ಆದರೆ ಮೇಜು ಇಲ್ಲೇ ಇರಬೇಕು, ಗೋಡೆ ಅಲ್ಲೇ ಬರಬೇಕು ಅಂತ ತೀರ್ಮಾನ ಮಾಡುವವರು ಯಾರು? ಏನು ನೋಡಿ ಮಾಡ್ತಾರೆ? ಇದನ್ನು ತಿಳಿಯಲಿಕ್ಕೆ ಈ ತಿಂಗಳು ಒಬ್ಬ ಹೆಣ್ಣುಮಗಳ ಕೆಲಸದ ರೀತಿ ನೋಡೋಣ. ಇವತ್ತಿನ ಆಫೀಸುಗಳ ರೂಪದಲ್ಲಿ ಅವರ ಪಾಲು ದೊಡ್ಡದು.

ಅವರ ಹೆಸರು ಫ್ಲಾರೆನ್ಸ್ ನೋಲ್. ಹುಟ್ಟಿದ್ದು 1917ರಲ್ಲಿ, ಅಮೆರಿಕದ ಮಿಶಿಗನ್ ರಾಜ್ಯದ ಸ್ಯಾಗಿನಾ ಊರಲ್ಲಿ. ಹನ್ನೆರಡು ವರ್ಷ ಆಗುವಷ್ಟರಲ್ಲಿ ತಂದೆಯೂ ಇಲ್ಲ, ತಾಯಿಯೂ ಇಲ್ಲ. ಕ್ರ್ಯಾನ್‌ಬ್ರೂಕ್ ಎಂಬಲ್ಲಿನ ಬೋರ್ಡಿಂಗ್ ಶಾಲೆ ಸೇರಿದ ಮೇಲೆ, ಅಲ್ಲಿದ್ದ ವಾಸ್ತುಶಿಲ್ಪಿ ಎಲಿಯೆಲ್ ಸಾರಿನೆನ್ ಅವರ ಕುಟುಂಬ ಈ ಹುಡುಗಿಯನ್ನು ಮನೆಮಗಳ ಹಾಗೆ ನೋಡಿಕೊಂಡಿತು. ಮುಂದೆ ಶಿಕಾಗೊದಲ್ಲಿ ಮೀಸ್ ವಾನ್ ಡೆರ್ ರೋ ಅವರ ಕೈಕೆಳಗೆ ಓದಿ 1941ರಲ್ಲಿ ವಾಸ್ತುಶಿಲ್ಪದ ಪದವಿ ಪಡೆದರು. ನ್ಯೂಯಾರ್ಕಿನಲ್ಲಿ ಪೀಠೋಪಕರಣದ ವ್ಯಾಪಾರ ಮಾಡ್ತಿದ್ದ ಹ್ಯಾನ್ಸ್ ನೋಲ್ ಅವರ ಕಂಪನಿ ಸೇರಿ, 1946ರಲ್ಲಿ ಅವರನ್ನೇ ಮದುವೆಯಾದರು.

ಆ ಕಂಪನಿಯೊಳಗೆ ಫ್ಲಾರೆನ್ಸ್ ಒಂದು ಚಿಕ್ಕ ತಂಡ ಕಟ್ಟಿದರು. ಅದಕ್ಕೆ ನೋಲ್ ಪ್ಲಾನಿಂಗ್ ಯೂನಿಟ್ ಅಂತ ಹೆಸರು. ಗಿರಾಕಿ ಬಂದು "ನಮಗೊಂದು ಆಫೀಸು ಬೇಕು" ಅಂದರೆ ಇವರು ಕೂಡಲೇ ಪೆನ್ಸಿಲು ಹಿಡೀತಿರಲಿಲ್ಲ. ಮೊದಲು ಆ ಕಂಪನಿಯ ಜನರನ್ನು ಮಾತಾಡಿಸೋರು. ಯಾರು ಯಾರ ಜೊತೆ ಕೆಲಸ ಮಾಡ್ತಾರೆ, ಎಷ್ಟು ಕಾಗದ ಇಡಬೇಕು, ಯಾರಿಗೆ ಬಾಗಿಲು ಮುಚ್ಚುವ ಕೋಣೆ ಬೇಕು, ಹೀಗೆಲ್ಲ ವಿಚಾರಿಸಿಕೊಳ್ಳೋರು. ಉತ್ತರ ಬಂದ ಮೇಲೆ ಪ್ಲಾನು, ಪ್ಲಾನು ಆದ ಮೇಲೆ ಮೇಜು ಕುರ್ಚಿ, ಬಣ್ಣ ಬಟ್ಟೆ ಎಲ್ಲ ಅದರ ನಂತರ. ತಾನು ಕೋಣೆ ಅಲಂಕಾರ ಮಾಡುವವಳಲ್ಲ ಅಂತ ಅವರು ಒತ್ತಿ ಹೇಳ್ತಿದ್ದರು. ಚೆಂದ ಮಾಡೋದು ಬೇರೆ, ಕೆಲಸಕ್ಕೆ ತಕ್ಕ ಜಾಗ ಮಾಡೋದು ಬೇರೆ ಎಂಬುದು ಅವರ ನಂಬಿಕೆ.

ಒಂದು ಉದಾಹರಣೆ ನೋಡಿ. ಆಗೆಲ್ಲ ಸಾಹೇಬರ ಕೋಣೆ ಅಂದರೆ ಮೂಲೆಯಲ್ಲಿ ಓರೆಯಾಗಿ ಇಟ್ಟ ದೊಡ್ಡ ಭಾರದ ಮೇಜು, ಅದರ ಹಿಂದೆ ಇನ್ನೊಂದು ಮೇಜು. ಅರ್ಧ ಕೋಣೆ ಅದಕ್ಕೇ ಹೋಗ್ತಿತ್ತು. ಫ್ಲಾರೆನ್ಸ್ ಮೇಜನ್ನು ಗೋಡೆಗೆ ಸಮನಾಗಿ ತಿರುಗಿಸಿದರು. ಡ್ರಾಯರುಗಳ ಸಾಮಾನನ್ನು ಹಿಂದಿನ ಗೋಡೆಯ ಬದಿ ತಗ್ಗಾದ ಕಪಾಟಿಗೆ ಸಾಗಿಸಿದರು. ಮೇಜು ಹಗುರವಾಯ್ತು, ಎದುರಿಗೆ ಬಂದವರು ಅದರ ಸುತ್ತ ಕೂತು ಮಾತಾಡುವ ಹಾಗಾಯ್ತು. ಮೀಟಿಂಗ್ ಮೇಜಿಗೂ ಹಾಗೇ. ಉದ್ದ ಆಯತದ ಮೇಜಿನಲ್ಲಿ ಒಂದು ತುದಿಯವರಿಗೆ ತಮ್ಮದೇ ಸಾಲಿನವರ ಮುಖ ಕಾಣೋದಿಲ್ಲ. ನಡು ಅಗಲ, ತುದಿ ಕಿರಿದು ಮಾಡಿ ದೋಣಿಯ ಆಕಾರ ಕೊಟ್ಟರು, ಎಲ್ಲರಿಗೂ ಎಲ್ಲರೂ ಕಂಡರು. ಇವತ್ತು ದುಬೈ, ದೋಹಾದ ಮೀಟಿಂಗ್ ರೂಮುಗಳಲ್ಲಿ ನೀವು ಪಾಲಿಶ್ ಮಾಡಿದ ಎಷ್ಟೋ ಮೇಜುಗಳ ಆಕಾರ ಇದೇ.

ಎರಡನೇ ಪಾಠ, ಕಣ್ಣಿಗೆ ಕಾಣಿಸಿ ಒಪ್ಪಿಸೋದು. ಬರೀ ಗೆರೆಯ ಪ್ಲಾನು ಗಿರಾಕಿಗೆ ಅರ್ಥ ಆಗೋದಿಲ್ಲ. ಅದಕ್ಕೆ ಫ್ಲಾರೆನ್ಸ್ ಚಿಕ್ಕ ಅಳತೆಯ ಪ್ಲಾನು ಬರೆದು, ಸೋಫಾ ಇರುವಲ್ಲಿ ಅದೇ ಬಟ್ಟೆಯ ತುಣುಕು, ಮೇಜು ಇರುವಲ್ಲಿ ಅದೇ ಮರದ ತೆಳು ಚೂರು ಅಂಟಿಸಿ ತೋರಿಸ್ತಿದ್ದರು. ಕನೆಕ್ಟಿಕಟ್ ಜನರಲ್ ಎಂಬ ವಿಮಾ ಕಂಪನಿಯ ದೊಡ್ಡ ಕಚೇರಿ 1957ರಲ್ಲಿ ಮುಗಿಯಿತು. ಅದಕ್ಕೂ ಮುಂಚೆ ಕಟ್ಟಡದ ಒಂದು ಭಾಗವನ್ನು ನಿಜ ಅಳತೆಯಲ್ಲೇ ಕಟ್ಟಿ ಪರೀಕ್ಷೆ ಮಾಡಿದ್ದರು. ನಮ್ಮ ಸೈಟುಗಳಲ್ಲಿ "ಮಾಕಪ್ ಪಾಸಾಗದೆ ಮುಂದಿನ ಕೆಲಸ ಇಲ್ಲ" ಅಂತ ಫೋರ್‌ಮನ್ ಹಟ ಹಿಡಿಯೋದು ಸುಮ್ಮನೆ ಅಲ್ಲ. ಒಂದು ಕೋಣೆಯಲ್ಲಿ ಸಿಕ್ಕ ತಪ್ಪು, ನೂರು ಕೋಣೆಯಲ್ಲಿ ಒಡೆಯುವ ಕೆಲಸ ಉಳಿಸುತ್ತದೆ.

ಮೂರನೆಯದು ಕೈಕೆಲಸದವರ ಮಾತು. ಎಲಿಯೆಲ್ ಅವರ ಮಗ ಈರೊ ಸಾರಿನೆನ್ ಹತ್ತಿರ ಫ್ಲಾರೆನ್ಸ್ ಒಂದು ಕುರ್ಚಿ ಕೇಳಿದರು. ನೆಟ್ಟಗೆ ಕೂತು ಕೂತು ಸಾಕಾಗಿದೆ, ಕಾಲು ಮಡಚಿ ಮುದುಡಿ ಕೂರುವಂಥದ್ದು ಬೇಕು ಅಂತ. ಅದಕ್ಕೆ ಫೈಬರ್‌ಗ್ಲಾಸಿನ ದೊಡ್ಡ ಬುಟ್ಟಿಯಂಥ ಒಡಲು ಬೇಕಿತ್ತು. ಪೀಠೋಪಕರಣದವರಿಗೆ ಆ ಕೆಲಸ ಹೊಸದು. ಇವರು ನ್ಯೂಜೆರ್ಸಿಯ ಒಬ್ಬ ದೋಣಿ ಕಟ್ಟುವವನ ಹತ್ತಿರ ಹೋಗಿ, ಅವನು ಆಗೋದಿಲ್ಲ ಅಂದರೂ ದುಂಬಾಲು ಬಿದ್ದು ಮಾಡಿಸಿದರು. 1948ರಲ್ಲಿ ಮಾರಾಟಕ್ಕೆ ಬಂದ ಆ ವೂಂಬ್ ಚೇರ್ ಇವತ್ತಿಗೂ ತಯಾರಾಗ್ತಿದೆ. ವಿನ್ಯಾಸ ಮಾಡಿದವರ ಹೆಸರನ್ನು ಸಾಮಾನಿನ ಜೊತೆ ಹೇಳೋದು, ಮಾರಾಟದಲ್ಲಿ ಅವರಿಗೆ ರಾಯಲ್ಟಿ ಕೊಡೋದು ಆ ಕಂಪನಿಯ ಪದ್ಧತಿಯಾಗಿತ್ತು.

1955ರಲ್ಲಿ ಹ್ಯಾನ್ಸ್ ಕ್ಯೂಬಾದಲ್ಲಿ ಕಾರು ಅಪಘಾತಕ್ಕೆ ಸಿಕ್ಕಿ ತೀರಿಕೊಂಡರು. ಫ್ಲಾರೆನ್ಸ್ ಕಂಪನಿಯ ಹೊಣೆ ಹೊತ್ತು ನಡೆಸಿದರು. ಅವರ ಕೊನೆಯ ದೊಡ್ಡ ಕೆಲಸ ನ್ಯೂಯಾರ್ಕಿನ ಸಿಬಿಎಸ್ ಕಟ್ಟಡದ ಒಳಾಂಗಣ. 38 ಮಹಡಿಯ ಆ ಕಟ್ಟಡದ ನಕ್ಷೆ ಈರೊ ಅವರದು, ಅವರು ಕಟ್ಟಡ ಏಳುವ ಮುಂಚೆಯೇ 1961ರಲ್ಲಿ ತೀರಿಕೊಂಡಿದ್ದರು. ಈ ಕೆಲಸಕ್ಕೆ ಹೊಗಳಿಕೆಯೂ ಬಂತು, ಟೀಕೆಯೂ ಬಂತು. ಗೋಡೆಯ ಚಿತ್ರದಿಂದ ಹಿಡಿದು ಎಲ್ಲವೂ ಮೊದಲೇ ನಿಗದಿ. ನೌಕರರು ತಮಗೆ ಬೇಕಾದ ಹಾಗೆ ಸಾಮಾನು ಇಟ್ಟುಕೊಳ್ಳಲಿಕ್ಕೆ ಅವಕಾಶ ಕಡಿಮೆ. ಕೇಳಿ ಕೇಳಿ ಕಟ್ಟಿದ ಜಾಗದಲ್ಲೂ, ಕಟ್ಟಿ ಮುಗಿದ ಮೇಲೆ ಕೇಳೋದು ನಿಂತರೆ ಹೀಗಾಗುತ್ತದೆ ಅಂತ ನನಗೆ ಅನ್ನಿಸುತ್ತದೆ. 1965ರಲ್ಲಿ ಫ್ಲಾರೆನ್ಸ್ ಕಂಪನಿ ಬಿಟ್ಟರು. 2019ರಲ್ಲಿ ತೀರಿಕೊಂಡಾಗ ಅವರಿಗೆ 101 ವರ್ಷ.

ಇದರಲ್ಲಿ ನಮಗೇನಿದೆ ಅಂತ ನೀವು ಕೇಳಬಹುದು. ಆಫೀಸು ಬದಲಾಗುವಾಗ ಕೆಲವೊಮ್ಮೆ ಡಿಸೈನರ್ ಕಡೆಯವರು ಬಂದು "ನಿಮಗೇನು ಬೇಕು?" ಅಂತ ವಿಚಾರಿಸ್ತಾರೆ. ನಮ್ಮವರು ಸಂಕೋಚಕ್ಕೋ ಹೆದರಿಕೆಗೋ "ಎಲ್ಲಾ ಓಕೆ ಸಾರ್" ಅಂದು ಸುಮ್ಮನಾಗ್ತಾರೆ. ಆಮೇಲೆ ಸಿಂಕಿನ ಎತ್ತರ ಸರಿ ಇಲ್ಲ ಅಂತ ಸೊಂಟ ಹಿಡಿದುಕೊಂಡು ವರ್ಷಗಟ್ಟಲೆ ನಿಲ್ಲುವವರು ನಾವೇ. ಪ್ಯಾಂಟ್ರಿಯಲ್ಲಿ ಒಂದು ಸ್ಟೂಲಿಗೆ ಜಾಗ, ಬ್ಯಾಗು ಚಪ್ಪಲಿ ಇಡಲಿಕ್ಕೆ ಒಂದು ಕಪಾಟು, ಎಸಿ ಗಾಳಿ ನೇರ ಕುತ್ತಿಗೆಗೆ ಬಡಿಯದ ಸೀಟು, ಇವು ದುಬಾರಿ ಬೇಡಿಕೆಗಳಲ್ಲ. ಆದರೆ ಡ್ರಾಯಿಂಗ್ ಹಂತದಲ್ಲೇ ಹೇಳಬೇಕು. ಗೋಡೆ ಎದ್ದ ಮೇಲೆ ಯಾರೂ ಕೇಳೋದಿಲ್ಲ.

ಸೈಟಿನಲ್ಲಿ ಇರುವವರಿಗೂ ಇದೇ ಮಾತು. ಬಾಗಿಲು ತೆರೆದರೆ ಕಪಾಟಿಗೆ ಬಡಿಯುತ್ತದೆ, ಸ್ವಿಚ್ಚು ಬಾಗಿಲ ಹಿಂದೆ ಹೋಗುತ್ತದೆ ಅಂತ ಮೊದಲು ಕಾಣೋದು ಅಳತೆಪಟ್ಟಿ ಹಿಡಿದ ನಿಮ್ಮ ಕಣ್ಣಿಗೆ. ಡ್ರಾಯಿಂಗ್ ಮೇಲೆ ಪೆನ್ಸಿಲಿನಲ್ಲಿ ಗುರುತು ಹಾಕಿ ಫೋರ್‌ಮನ್‌ಗೆ ತೋರಿಸಿ. ಒಳ್ಳೆಯ ಡಿಸೈನರ್ ಆದರೆ ಸಿಟ್ಟಾಗೋದಿಲ್ಲ, ಆ ಗುರುತನ್ನು ನೋಡಿ ಗೆರೆ ತಿದ್ದುತ್ತಾರೆ.