ಮಂತ್ರಿ ಯಾರು, ಒಂಟೆ ಯಾವುದು?

ಹೊಸೂರು–ಕೃಷ್ಣಗಿರಿ ಸೀಮೆಯ ಕನ್ನಡ ಮನೆಮಾತಿನ ಮಗುವಿಗೆ ಚದುರಂಗದ ಮಣೆಯಲ್ಲಿ ಎದುರಾಗುವ ಮೊದಲ ತೊಡಕು ‘ಮಂತ್ರಿ’. ಕನ್ನಡದ ಹಳೆಯ ರೂಢಿಯಲ್ಲಿ ಮಂತ್ರಿಯು ರಾಜನ ಮಗ್ಗುಲಿನ, ಎಲ್ಲಕ್ಕಿಂತ ಪ್ರಬಲವಾದ ಕಾಯಿ. ತಮಿಳಿನ ‘ಮಂದಿರಿ’ಯೋ ಓರೆಯಾಗಿ ಮಾತ್ರ ಸಾಗುವ, ಕನ್ನಡಿಗರು ‘ಒಂಟೆ’ ಎನ್ನುವ ಕಾಯಿ. ಮಂತ್ರಿ ಹೋಯಿತೆಂದರೆ ಒಂದು ಭಾಷೆಯಲ್ಲಿ ಅನಾಹುತ, ಇನ್ನೊಂದರಲ್ಲಿ ಸಾಧಾರಣ ನಷ್ಟ.

ಚದುರಂಗದ ಪ್ರಭೇದಗಳನ್ನು ಕನ್ನಡಕ್ಕೆ ತರುವಾಗ ಈ ತೊಡಕು ಇನ್ನಷ್ಟು ಬಿಗಿಯುತ್ತದೆ. ತೈಮೂರನ ಹೆಸರಿನ ದೊಡ್ಡ ಚದುರಂಗದಲ್ಲಿ ‘ಒಂಟೆ’ ನೇರಕ್ಕೆ ಮೂರು, ಅಡ್ಡಕ್ಕೆ ಒಂದು ಮನೆ ಜಿಗಿಯುತ್ತದೆ. ಅದು ಕುದುರೆಯ ನೀಳ ರೂಪ. ಅರಬ್ಬಿಯ ‘ಅಲ್‌ಫೀಲ್’ ಎಂದರೆ ಆನೆಯೇ. ಆದರೆ ಅದರ ನೆಗೆತ ಓರೆಯಲ್ಲಿ ಎರಡನೆಯ ಮನೆಗೆ, ಕನ್ನಡದ ಆನೆಯದು ನೇರ ನಡೆ. ಪದಕ್ಕೆ ಪದವಿಟ್ಟರೆ ಇಲ್ಲಿ ನಿಯಮವೇ ಕೆಡುತ್ತದೆ. ಜಿರಾಫೆಗೆ ಮಾತ್ರ ಈ ಆಪತ್ತಿಲ್ಲ: ಕನ್ನಡದ ಮಣೆಯ ಮೇಲೆ ಆ ಪ್ರಾಣಿ ಎಂದೂ ಇರಲಿಲ್ಲ.

ಕಾಪಾಬ್ಲಾಂಕಾ 1920ರ ದಶಕದಲ್ಲಿ ಮುಂದಿಟ್ಟ ಆಟದ ಎರಡು ಜೋಡಿಕಾಯಿಗಳು ಆರ್ಚ್‌ಬಿಷಪ್ ಮತ್ತು ಚಾನ್ಸಲರ್. ಚರ್ಚು, ಆಸ್ಥಾನಗಳ ಈ ಪದವಿಗಳಿಗಿಂತ ‘ಒಂಟೆಗುದುರೆ’, ‘ಆನೆಗುದುರೆ’ ಎಂಬ ಸಮಾಸಗಳು ಮೇಲು. ಹೆಸರೇ ನಡೆಯನ್ನು ಹೇಳುತ್ತದೆ. ಮುಮ್ಮಡಿ ಕೃಷ್ಣರಾಜ ಒಡೆಯರು ಬಂಧಗಳನ್ನು ರಚಿಸುವಷ್ಟು ಒಲಿದಿದ್ದ ಕುದುರೆಯ ನಡೆಗೆ ಕನ್ನಡದಲ್ಲಿ ವಿವರಣೆ ಬೇಕಿಲ್ಲ.

ಅಮೆಜಾನ್ ಎಂಬ ಕಾಯಿಯಲ್ಲಿ ಮಾತ್ರ ಈ ಸೂತ್ರ ಎಡವುತ್ತದೆ. ಅದನ್ನು ಬೆಂಗಳೂರಿನಲ್ಲಿ ‘ಮಂತ್ರಿಗುದುರೆ’ ಎನ್ನಬಹುದು. ಹೊಸೂರಿನ ತಮಿಳು ಕಿವಿಗೆ ಅದೇ ಪದ ಆರ್ಚ್‌ಬಿಷಪ್ಪಾದೀತು. ಅಲ್ಲಿ ಅದು ‘ರಾಣಿಗುದುರೆ’ಯೇ ಆಗಬೇಕು.