ದೋಣಿಗೆ ತಕ್ಕ ಇಂಜಿನು

ದಾದರಿನಲ್ಲಿ ನೆಲಸಿರುವ ನಮ್ಮವರಲ್ಲಿ ಹಲವರಿಗೆ ಕಡಲೆಂದರೆ ಚೌಪಾಟಿಯ ಮೇಲಿನ ಸಂಜೆಯ ಗಾಳಿ, ಅಷ್ಟೆ. ಆದರೆ ಮಲ್ಪೆ, ಗಂಗೊಳ್ಳಿ, ಉಪ್ಪುಂದದ ಕಡೆಯ ಮನೆಗಳಲ್ಲಿ ಒಬ್ಬ ಮಗ ಇಲ್ಲಿ ಕಚೇರಿ ಸೇರಿದರೆ ಇನ್ನೊಬ್ಬ ಅಲ್ಲಿ ದೋಣಿ ನಂಬಿರುವುದುಂಟು. ಈ ನಂಟು ನಿನ್ನೆ ಮೊನ್ನೆಯದಲ್ಲ. ೧೯೦೨ರಷ್ಟು ಹಿಂದೆಯೇ ಮುಂಬಯಿಯಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿ ಹುಟ್ಟಿತ್ತು. ದೋಣಿಯವನಿಗೆ ಹೊಸ ಇಂಜಿನು ಬೇಕೆನಿಸಿದಾಗ ಕಚೇರಿಯವನ ಸಂಬಳದ ನೆನಪಾಗುವುದೂ ಸಹಜವೇ.

ಕಳೆದ ಬೇಸಿಗೆಯಲ್ಲಿ ನಮ್ಮ ಭಾವಮೈದನ ಫೋನು ಬಂದಿತು. “ಭಾವ, ಹತ್ತರ ಇಂಜಿನು ಹಳೆಯದಾಯಿತು. ಇಪ್ಪತ್ತೈದರದ್ದು ಹಾಕಿದರೆ ಎಲ್ಲರಿಗಿಂತ ಮೊದಲು ಮೀನಿನ ಹತ್ತಿರ ಮುಟ್ಟಬಹುದು. ಅರ್ಧ ಹಣ ನೀವು ಕೊಟ್ಟರೆ ಉಳಿದದ್ದು ನಾನು ಸಾಲ ಮಾಡುತ್ತೇನೆ.” ನಾವು ಕೂಡಲೇ ಒಪ್ಪಲೂ ಇಲ್ಲ, ನಿರಾಕರಿಸಲೂ ಇಲ್ಲ. ಲೆಕ್ಕ ಹಾಕಲು ಕುಳಿತೆವು. ಗುಮಾಸ್ತರಾದ ನಮಗೆ ಬೇರೇನು ಬರುತ್ತದೆ?

ದೋಣಿಯ ಹಿಂಬದಿಗೆ ತೂಗುಹಾಕುವ ಈ ಔಟ್‌ಬೋರ್ಡ್ ಇಂಜಿನನ್ನು ಜನಪ್ರಿಯಗೊಳಿಸಿದವನು ಓಲೆ ಎವಿನ್ರೂಡ್. ನಾರ್ವೆಯಲ್ಲಿ ಹುಟ್ಟಿ ಅಮೆರಿಕ ಸೇರಿದವನು. ಅವನೂ ನಮ್ಮಂತೆ ಊರು ಬಿಟ್ಟವನೇ. ೧೯೦೯ರ ಅವನ ಯಂತ್ರದ ಬಲ ಒಂದೂವರೆ ಅಶ್ವಶಕ್ತಿ. ಇಂದು ನೂರಾರು ಅಶ್ವಶಕ್ತಿಯವು ಸಿಗುತ್ತವೆಯಾದ್ದರಿಂದಲೇ ದೊಡ್ಡದರ ಮೇಲೆ ಆಸೆ ಹುಟ್ಟುವುದು.

ಆದರೆ ನೀರಿಗೆ ಅದರದೇ ನ್ಯಾಯವಿದೆ. ನೀರನ್ನು ಸೀಳಿಕೊಂಡು ಹೋಗುವ ದೋಣಿ ತನ್ನ ಮುಂದೆ ಒಂದು ಅಲೆಯನ್ನು ಎಬ್ಬಿಸುತ್ತದೆ. ಒಂದು ಮಿತಿ ದಾಟಿದರೆ ಆ ಅಲೆಯನ್ನೇ ಗುಡ್ಡದಂತೆ ಹತ್ತಬೇಕಾಗುತ್ತದೆ. ಆ ಮಿತಿಯನ್ನು ತಿಳಿಯಲು ಒಂದು ಸುಲಭ ಸೂತ್ರವಿದೆ. ನೀರಿಗೆ ತಾಗಿರುವ ಉದ್ದವನ್ನು ಅಡಿಯಲ್ಲಿ ಅಳೆದು, ಅದರ ವರ್ಗಮೂಲವನ್ನು ೧.೩೪ರಿಂದ ಗುಣಿಸಬೇಕು. ೨೫ ಅಡಿಯಾದರೆ ವರ್ಗಮೂಲ ೫. ಗುಣಿಸಿದಾಗ ಗಂಟೆಗೆ ೬.೭ ನಾಟಿಕಲ್ ಮೈಲು, ಎಂದರೆ ೧೨ ಕಿಲೋಮೀಟರಿಗೆ ತುಸು ಮೇಲೆ. ಅಲ್ಲಿಂದಾಚೆ ಬಲ ಹೆಚ್ಚಿಸಿದಷ್ಟೂ ಹಿಂಬದಿ ಕುಸಿದು ಮೂತಿ ಮೇಲೇಳುತ್ತದೆ, ಎಣ್ಣೆ ಉರಿಯುತ್ತದೆ, ವೇಗ ಬಾರದು. ಮಿತಿಯೊಳಗೂ ವೇಗ ಇಮ್ಮಡಿಯಾಗಬೇಕಾದರೆ ಬಲ ಸುಮಾರು ಎಂಟು ಪಟ್ಟು ಬೇಕು. ತಳ ಚಪ್ಪಟೆಯಾದ ಹಗುರ ದೋಣಿಗಳು ನೀರಿನ ಮೇಲೇರಿ ಜಾರುತ್ತಾ ಓಡುವುದುಂಟು, ನಿಜ. ಬಲೆ, ಮಂಜುಗಡ್ಡೆ, ಏಳೆಂಟು ಜನರನ್ನು ಹೊತ್ತ ನಾಡದೋಣಿಗೆ ಆ ಆಟ ಒಗ್ಗದು.

ಹಾಗೆಂದು ತೀರ ಚಿಕ್ಕ ಇಂಜಿನೂ ಅಪಾಯವೇ. ಅಳಿವೆಯ ಬಾಯಲ್ಲಿ ಇಳಿತದ ಸೆಳೆತ ಗಂಟೆಗೆ ೩ ಮೈಲು ಇರುವಾಗ ೪ ಮೈಲಿನ ದೋಣಿ ಒಳಬರುವುದು ಒಂದು ಮೈಲಿನ ವೇಗದಲ್ಲಿ. ಅಷ್ಟರಲ್ಲಿ ಹಿಂದಿನಿಂದ ದೊಡ್ಡ ತೆರೆ ಬಂದರೆ? ಒಂದಿಷ್ಟು ಬಲ ಕೈಯಲ್ಲಿ ಉಳಿದಿರಲೇಬೇಕು.

ಇಪ್ಪತ್ತು ಅಡಿಗೆ ಕಡಿಮೆಯಿರುವ ವಿಹಾರದೋಣಿಗಳಿಗೆ ಅಮೆರಿಕದಲ್ಲಿ ಕಟ್ಟಳೆಯೇ ಇದೆ. ಉದ್ದವನ್ನು ಹಿಂಬದಿಯ ಹಲಗೆಯ ಅಗಲದಿಂದ ಗುಣಿಸಿದಾಗ ೩೫ರೊಳಗೆ ಬಂದರೆ ೩ ಅಶ್ವಶಕ್ತಿ, ೪೨ ಬಂದರೆ ಏಳೂವರೆ, ೪೫ ಬಂದರೆ ೧೦. ಅದಕ್ಕಿಂತ ಹೆಚ್ಚು ಕೂಡದು. ನಮ್ಮ ನಾಡದೋಣಿ ಆ ಪಟ್ಟಿಗೆ ಸೇರುವುದಲ್ಲವಾದರೂ ದೋಣಿಯ ಅಳತೆಯೇ ಇಂಜಿನನ್ನು ಆರಿಸಬೇಕೆಂಬ ರೀತಿ ನಮಗೆ ಮೆಚ್ಚುಗೆಯಾಯಿತು. ಮರದ ದೋಣಿ ಬಿಟ್ಟು ಫೈಬರಿಗೆ ಬಂದವರಂತೂ ಇಂಜಿನು ದೊಡ್ಡದು ಮಾಡಬೇಕಾದುದೇ ಇಲ್ಲ. ಫೈಬರು ನೀರು ಕುಡಿದು ಭಾರವಾಗುವ ವಸ್ತುವಲ್ಲ.

ಎಲ್ಲಕ್ಕಿಂತ ದೊಡ್ಡ ಲೆಕ್ಕ ಪಂಚಾಂಗದ್ದು. ಕರ್ನಾಟಕದಲ್ಲಿ ಜೂನ್ ೧ರಿಂದ ಜುಲೈ ೩೧ರವರೆಗೆ, ೬೧ ದಿನ, ಯಾಂತ್ರಿಕ ಮೀನುಗಾರಿಕೆ ನಿಷಿದ್ಧ. ೧೦ ಅಶ್ವಶಕ್ತಿಯವರೆಗಿನ ಇಂಜಿನುಳ್ಳ ನಾಡದೋಣಿಗಳಿಗೆ ವಿನಾಯಿತಿ ಇದೆ. ಟ್ರಾಲ್ ಬೋಟುಗಳೆಲ್ಲ ದಕ್ಕೆಯಲ್ಲಿ ಕಟ್ಟಿಕೊಂಡಿರುವಾಗ ಸಿಕ್ಕ ಬಂಗುಡೆ, ಸಿಗಡಿಗೆ ಎಂಥ ಬೆಲೆಯೆಂಬುದನ್ನು ದಾದರಿನ ಮೀನು ಮಾರುಕಟ್ಟೆಗೆ ಹೋಗುವ ಗೃಹಿಣಿಯರೇ ಬಲ್ಲರು. ಇಪ್ಪತ್ತೈದರ ಇಂಜಿನು ಹಾಕಿದವನು ಆ ಎರಡು ತಿಂಗಳು ದಡದಲ್ಲಿ ಕುಳಿತು ಸಾಲದ ಕಂತು ಎಣಿಸಬೇಕು. ಪೇಟೆಯಲ್ಲಿ ಸಿಗುವ ೯.೯ರ ಇಂಜಿನು ಈ ಗೆರೆಯೊಳಗೇ ನಿಲ್ಲುತ್ತದೆ. ಇದನ್ನು ಹೇಳಿದಾಗ ಭಾವಮೈದ ಒಂದು ವಾರ ಮುನಿಸಿಕೊಂಡಿದ್ದು, ಆಮೇಲೆ ಒಪ್ಪಿದ. ಹೊಸ ೯.೯ಕ್ಕೆ ಅರ್ಧಕ್ಕಿಂತ ತುಸು ಹೆಚ್ಚೇ ಕಳುಹಿಸಿದೆವು. ಉಳಿದುದಕ್ಕೆ ಅವನು ಸಾಲ ಮಾಡಬೇಕಾಗಲಿಲ್ಲ.

ಕೊಳ್ಳುವವರು ಇನ್ನೆರಡು ಸಂಗತಿ ಗಮನಿಸಬೇಕು. ಮೊದಲನೆಯದು ಇಂಜಿನಿನ ಕಾಲಿನ ಉದ್ದ. ೧೫ ಅಂಗುಲದ್ದು, ೨೦ ಅಂಗುಲದ್ದು ಎಂದು ಮುಖ್ಯವಾಗಿ ಎರಡು ಬಗೆ. ಹಿಂಬದಿಯ ಹಲಗೆಯ ಎತ್ತರ ಅಳೆಯದೆ ತಂದರೆ, ಗಿಡ್ಡ ಕಾಲಿನ ಫ್ಯಾನು ತೆರೆಯೆದ್ದಾಗ ನೀರು ಬಿಟ್ಟು ಗಾಳಿಯಲ್ಲಿ ತಿರುಗುತ್ತದೆ. ಎರಡನೆಯದು ಆ ಫ್ಯಾನೇ. ಒಂದು ಸುತ್ತಿಗೆ ಎಷ್ಟು ಅಂಗುಲ ಮುಂದೊತ್ತಬೇಕೆಂಬ ಅಳತೆಗೆ ಪಿಚ್ ಎನ್ನುತ್ತಾರೆ. ಭಾರದ ದೋಣಿಗೆ ಪಿಚ್ ಕಡಿಮೆಯಿರಬೇಕು. ಮಾಹೀಮ್ ಕೋಳಿವಾಡದ ಪರಿಚಯದ ಕೋಳಿಯೊಬ್ಬರು ಪರೀಕ್ಷೆಯ ಕ್ರಮ ಹೇಳಿಕೊಟ್ಟರು: ಅಂಗಡಿಯವನು ಖಾಲಿ ದೋಣಿಯಲ್ಲಿ ಓಡಿಸಿ ತೋರಿಸಿದರೆ ನಂಬಬೇಡಿ, ಬಲೆಯನ್ನೂ ಜನರನ್ನೂ ತುಂಬಿಕೊಂಡು ಪೂರ್ತಿ ವೇಗದಲ್ಲಿ ಓಡಿಸಿ, ತಯಾರಕರು ಹೇಳಿದಷ್ಟು ಸುತ್ತು ಬರುತ್ತದೆಯೇ ನೋಡಿ. ಬಾರದಿದ್ದರೆ ಫ್ಯಾನು ಬದಲಿಸಿ. ಒಂದು ಅಂಗುಲ ಪಿಚ್ ಇಳಿಸಿದರೆ ನಿಮಿಷಕ್ಕೆ ೧೫೦ರಿಂದ ೨೦೦ ಸುತ್ತು ಏರುತ್ತದೆ.