ಸುರುಳಿ ದೊಡ್ಡದಾದರೆ ವೋಲ್ಟೇಜೂ ಹೆಚ್ಚುತ್ತದೆಯೇ?

ಬೆಂಗಳೂರಿನ ಇಂದಿರಾನಗರದ ಅಡ್ಡರಸ್ತೆಗಳಲ್ಲಿ ಜೋಡಿಕಂಬಗಳ ನಡುವೆ ಕೂತಿರುವ ಟಿಸಿಗೆ, ಅಂದರೆ ಟ್ರಾನ್ಸ್‌ಫಾರ್ಮರಿಗೆ, 11,000 ವೋಲ್ಟ್ ಬರುತ್ತದೆ, 433 ವೋಲ್ಟ್ ಹೊರಡುತ್ತದೆ. ಎಣ್ಣೆ ತುಂಬಿದ ಆ ತೊಟ್ಟಿಯೊಳಗೆ ಪ್ರತಿ ಫೇಸಿಗೂ ಎರಡು ಸುರುಳಿಗಳಿವೆ, ಒಂದರೊಳಗೊಂದು. ಕಬ್ಬಿಣದ ಕೋರಿಗೆ ಅಂಟಿಕೊಂಡಂತಿರುವುದು ಕಡಿಮೆ ವೋಲ್ಟೇಜಿನದು, ಅದನ್ನು ಬಳಸಿ ಹೊರಗಿರುವುದು ಹೆಚ್ಚಿನದು. ಹೊರಗಿನದರ ಸುತ್ತಳತೆ ದೊಡ್ಡದು. ಹಾಗಾಗಿಯೇ ಅದಕ್ಕೆ ವೋಲ್ಟೇಜ್ ಜಾಸ್ತಿ ಎಂದು ಎಷ್ಟೋ ವಿದ್ಯಾರ್ಥಿಗಳು ನಂಬಿದ್ದಾರೆ. ಅದು ನಿಜವಲ್ಲ.

ಬರಿಯ ಗಾಳಿಯಲ್ಲಿ ಸುತ್ತಿದ ಸುರುಳಿಯಾದರೆ ದೊಡ್ಡ ಬಳೆ ಹೆಚ್ಚು ಕಾಂತಬಲವನ್ನು ಹಿಡಿಯುತ್ತದೆ, ಒಪ್ಪೋಣ. ಟ್ರಾನ್ಸ್‌ಫಾರ್ಮರಿನಲ್ಲಿ ಆ ಬಲದ ಬಹುಪಾಲು ಸಿಲಿಕಾನ್ ಉಕ್ಕಿನ ಕೋರಿನೊಳಗೇ ಹರಿಯುತ್ತದೆ. ತಂತಿ ಕೋರನ್ನು ಬಿಗಿಯಾಗಿ ಅಪ್ಪಿರಲಿ, ಸಡಿಲವಾಗಿ ಬಳಸಿರಲಿ, ಒಂದು ಸುತ್ತು ಒಳಗೊಳ್ಳುವ ಕಾಂತಬಲ ಹೆಚ್ಚುಕಡಿಮೆ ಅಷ್ಟೇ. ಆದ್ದರಿಂದ ಪ್ರತಿ ಸುತ್ತಿನಲ್ಲೂ ಹುಟ್ಟುವ ವೋಲ್ಟೇಜ್ ಒಂದೇ. ಲೆಕ್ಕಕ್ಕೆ ಬರುವುದು ಸುತ್ತುಗಳ ಸಂಖ್ಯೆ. ನಮ್ಮ ಟಿಸಿಯಲ್ಲಿ ಹೊರ ಸುರುಳಿಗೆ 11,000, ಒಳ ಸುರುಳಿಗೆ ಫೇಸೊಂದಕ್ಕೆ 250 ವೋಲ್ಟ್ (433 ಎಂಬುದು ಎರಡು ಫೇಸುಗಳ ನಡುವಿನ ಲೆಕ್ಕ). ಅಂದರೆ ಒಳಗಿನ ಒಂದೊಂದು ಸುತ್ತಿಗೆ ಹೊರಗೆ 44 ಸುತ್ತು.

ಹಾಗಾದರೆ ಅಳತೆಗೆ ಬೆಲೆಯೇ ಇಲ್ಲವೇ? ಬಹಳ ಇದೆ. ಹಳೆ ಮದ್ರಾಸ್ ರಸ್ತೆಯ ಬೈಯಪ್ಪನಹಳ್ಳಿಯಲ್ಲಿ ಜರ್ಮನಿಯ ಎಇಜಿ ಸಹಯೋಗದಿಂದ ಬೆಳೆದ ಎನ್‌ಜಿಇಎಫ್ ಕಾರ್ಖಾನೆ ದಶಕಗಳ ಕಾಲ ಟ್ರಾನ್ಸ್‌ಫಾರ್ಮರುಗಳನ್ನು ಮಾಡಿತು. ಅಂಥ ಕಡೆ ವಿನ್ಯಾಸ ಶುರುವಾಗುವುದೇ ಕೋರಿನ ದಪ್ಪದಿಂದ. ಚಿಕ್ಕ ಉದಾಹರಣೆ ನೋಡೋಣ. ಕೋರಿನ ಅಡ್ಡಕೊಯ್ತ 10 ಚದರ ಸೆಂಟಿಮೀಟರ್, ಕಾಂತ ಸಾಂದ್ರತೆ 1 ಟೆಸ್ಲಾ, ಕರೆಂಟು 50 ಹರ್ಟ್ಸ್‌ನದು ಎಂದಿಟ್ಟುಕೊಂಡರೆ ವೋಲ್ಟ್ ಒಂದಕ್ಕೆ ಸುಮಾರು 4.5 ಸುತ್ತು ಬೇಕು. 230 ವೋಲ್ಟಿಗೆ 1,035, 12 ವೋಲ್ಟಿಗೆ 54. ಅಡ್ಡಕೊಯ್ತ ಇಮ್ಮಡಿಯಾದರೆ ಎರಡೂ ಕಡೆ ಅರ್ಧದಷ್ಟು ಸುತ್ತು ಸಾಕು, ಅನುಪಾತ ಕದಲುವುದಿಲ್ಲ. ಕೋರನ್ನು ಹಾಗೇ ಬಿಟ್ಟು ತಾಮ್ರ ಉಳಿಸಲು ಸುತ್ತು ಕಡಿಮೆ ಮಾಡಿದರೆ ಮಾತ್ರ ಅನಾಹುತ: ಕಬ್ಬಿಣ ಕಾಂತಬಲದಿಂದ ತುಂಬಿಹೋಗಿ ಗುಂಯ್‌ಗುಡುತ್ತದೆ, ಕಾಯುತ್ತದೆ.

ತಂತಿಯ ಗೇಜು ಕರೆಂಟು ಹೊರುವ ಶಕ್ತಿಯನ್ನು ತೀರ್ಮಾನಿಸುತ್ತದೆ. ತೆಳುವಾದರೆ ಬಿಸಿ ಹೆಚ್ಚು, ಲೋಡು ಬಿದ್ದಾಗ ವೋಲ್ಟೇಜೂ ಇಳಿಯುತ್ತದೆ.

ನನಗೆ ಎಲ್ಲಕ್ಕಿಂತ ಸೋಜಿಗವೆನಿಸುವುದು ಎರಡು ಸುರುಳಿಗಳ ನಡುವಿನ ತೆರಪು. ಅಲ್ಲಿ ಸ್ವಲ್ಪ ಕಾಂತಬಲ ಸೋರುತ್ತದೆ. ತೆರಪು ಅಗಲವಾದಷ್ಟೂ ಸೋರಿಕೆ ಹೆಚ್ಚು. ಬೇಸಿಗೆಯ ರಾತ್ರಿ ಬೀದಿಯ ಏಸಿಗಳೆಲ್ಲ ಒಟ್ಟಿಗೆ ಓಡುವಾಗ ವೋಲ್ಟೇಜ್ ಕುಸಿಯಲು ಅದೂ ಒಂದು ಕಾರಣ. ಆದರೂ ತೆರಪನ್ನು ಪೂರ್ತಿ ಮುಚ್ಚಿಬಿಡುವುದಿಲ್ಲ. 4.5 ಶೇಕಡಾ ಇಂಪೀಡೆನ್ಸ್ (ಬಹುಪಾಲು ಈ ಸೋರಿಕೆಯಿಂದಲೇ ಬರುವ ತಡೆ) ಇರುವ ಟಿಸಿಯ ಬಾಯಲ್ಲೇ ಶಾರ್ಟ್ ಆದರೆ ಕರೆಂಟು ಪೂರ್ಣ ಲೋಡಿನ ಸುಮಾರು 22 ಪಟ್ಟಿಗೆ ನಿಲ್ಲುತ್ತದೆ. ಸೋರಿಕೆ ಇಲ್ಲವಾದರೆ ಅದು ಇನ್ನೂ ಎಷ್ಟೋ ಮೇಲೇರಿ, ಸುರುಳಿಗಳನ್ನೇ ಹಿಂಡಿ ತಿರುಚಿಬಿಡುತ್ತಿತ್ತು.

ಕೆ.ಆರ್. ಪುರದಂಥ ಕಡೆ ಉದ್ದದ ಲೈನಿನ ತುದಿಯಲ್ಲಿರುವ ಟಿಸಿಗೆ 11,000 ವೋಲ್ಟ್ ಪೂರ್ತಿ ತಲುಪದಿದ್ದರೆ, ಸುತ್ತುಗಳ ಸಂಖ್ಯೆ ಹೊಂದಿಸುವ ಟ್ಯಾಪ್ ಇರುವ ಕಡೆ ಸಪ್ಲೈ ತೆಗೆದು ಅದನ್ನು ಬದಲಿಸುತ್ತಾರೆ. ಹೊರ ಸುರುಳಿಯ ಶೇಕಡಾ 2.5ರಷ್ಟು ಸುತ್ತು ಬಿಟ್ಟುಕೊಟ್ಟರೆ, ಮನೆಗಳ ವೋಲ್ಟೇಜು ಹತ್ತಿರಹತ್ತಿರ ಅಷ್ಟೇ ಮೇಲೇರುತ್ತದೆ.